ಉಪಕಾರಸ್ಮರಣೆಯೂ ಆತ್ಮಸಂತೋಷವೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂದು ಕೇವಲಜ್ಞಾನ ಕಲ್ಯಾಣದ ದಿನ. ಗರ್ಭಾವತರಣ, ಜನ್ಮಾಭಿಷೇಕ, ದೀಕ್ಷಾಕಲ್ಯಾಣಗಳನ್ನು ಕಂಡು ಕಣ್ಣು ತುಂಬಿಕೊಂಡ ನಾವು ಇಂದು ಸಮವಸರಣದ ವೈಭವವನ್ನು ನೋಡುತ್ತಿದ್ದೇವೆ. ನಾಳೆ ನಿರ್ವಾಣಕಲ್ಯಾಣ.  ನಾನು ಪಂಡಿತನಲ್ಲ, ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತನಾದವನು. ಆದುದರಿಂದ ಗಹನವಾದ ಸಿದ್ಧಾಂತವಿಷಯಕ್ಕೆ ಕೈಹಾಕದೆ, ನಾವೆಲ್ಲರೂ ಬಲ್ಲೆವೆಂದು ಭಾವಿಸಿ ಆಚರಣೆಯಲ್ಲಿ ಮರೆತಿರುವ ಒಂದು ಗುಣವನ್ನು ಕುರಿತು ಹೇಳಬಯಸುತ್ತೇನೆ. ಅದೇ ಕೃತಜ್ಞತೆ. ಪಡೆದ ಉಪಕಾರವನ್ನು ನೆನೆಯುವುದು ಉಪಕಾರ ಮಾಡಿದವರಿಗೆ ಸಲ್ಲಿಸುವ ಮರ್ಯಾದೆಯೆಂದಷ್ಟೇ ನಾವು ತಿಳಿದಿದ್ದೇವೆ. ಅದು ನೆನೆಯುವವನ ಸುಖಕ್ಕೇ ಮೂಲವೆಂಬುದು ಇಂದಿನ ನನ್ನ ಮಾತಿನ ತಾತ್ಪರ್ಯ.

ನಾವು ದಿನವೂ ಜಪಿಸುವ ಪಂಚನಮಸ್ಕಾರ ಮಂತ್ರವನ್ನೇ ತೆಗೆದುಕೊಳ್ಳೋಣ. ಸಿದ್ಧಪರಮೇಷ್ಠಿಗಳು ಎಂಟು ಕರ್ಮಗಳನ್ನೂ ಕಳೆದು ಲೋಕಾಗ್ರದಲ್ಲಿ ನೆಲೆಸಿದವರು. ಅರಿಹಂತರು ನಾಲ್ಕು ಘಾತಿಕರ್ಮಗಳನ್ನು ಗೆದ್ದವರು. ಅಘಾತಿಕರ್ಮಗಳು ಅವರಿಗಿನ್ನೂ ಉಳಿದಿವೆ. ಹೀಗಿರುವಾಗ ಸಿದ್ಧರಿಗಿಂತ ಮೊದಲು ಅರಿಹಂತರಿಗೆ ನಮಸ್ಕರಿಸುವುದೇಕೆ? ಈ ಪ್ರಶ್ನೆಯನ್ನು ವೀರಸೇನಾಚಾರ್ಯರು ತಮ್ಮ ಧವಳಾ ಟೀಕೆಯಲ್ಲಿ ಎತ್ತಿಕೊಂಡಿದ್ದಾರೆ. ಅವರು ಕೊಡುವ ಸಮಾಧಾನದ ಸಾರವಿಷ್ಟು: ಅರಿಹಂತರು ಉಪದೇಶಿಸದಿದ್ದರೆ ಆಗಮವು ನಮಗೆ ದೊರೆಯುತ್ತಿರಲಿಲ್ಲ, ಸಿದ್ಧರೆಂಬುವರಿದ್ದಾರೆಂಬ ಅರಿವೂ ನಮಗಾಗುತ್ತಿರಲಿಲ್ಲ, ಆ ಉಪಕಾರವನ್ನು ನೆನೆದು ಮೊದಲ ನಮಸ್ಕಾರ ಅವರಿಗೆ ಸಲ್ಲುತ್ತದೆ. ಪದವಿಯಲ್ಲಿ ಹಿರಿಯರಾದವರಿಗಿಂತ ಮೊದಲು ದಾರಿ ತೋರಿದವರನ್ನು ನೆನೆಯುವುದು ನಮ್ಮ ಮಂತ್ರದ ಕ್ರಮವೇ ಆಗಿದೆ. ಈ ಧವಳಾ ಗ್ರಂಥದ ತಾಳೆಯೋಲೆಗಳನ್ನು ನೂರಾರು ವರ್ಷ ಕಾಪಾಡಿಕೊಂಡು ಬಂದದ್ದು ನಮ್ಮ ಮೂಡಬಿದಿರೆ. ಓಲೆಯನ್ನು ಹದಮಾಡಿದವರು, ಅಕ್ಷರ ಬರೆದವರು, ಹುಳು ಹಿಡಿಯದಂತೆ ನೋಡಿಕೊಂಡವರು ಎಷ್ಟೋ ಜನ; ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. 1939ರಿಂದ ಆ ಗ್ರಂಥ ಅಚ್ಚಾಗಿ ಹೊರಬರತೊಡಗಿದಾಗ ಲೋಕವು ಓದಿದ್ದು ಅವರ ಕೈಯ ಫಲವನ್ನೇ.

ಇಲ್ಲಿ ತಮ್ಮಲ್ಲಿ ಕೆಲವರಿಗೆ ಒಂದು ಸಂಶಯ ಬರಬಹುದು, ನನಗೂ ಬಂದಿತ್ತು. ಪ್ರತಿಯೊಂದು ಜೀವವೂ ತಾನು ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣುತ್ತದೆಯೆಂಬುದು ನಮ್ಮ ಸಿದ್ಧಾಂತ. ವರ ಕೊಡುವ ದೇವರನ್ನು ನಾವು ಒಪ್ಪಿದವರಲ್ಲ. ಸುಖ ಬಂದರೆ ಅದು ಸಾತಾವೇದನೀಯದ ಉದಯ. ಹಾಗಿದ್ದಮೇಲೆ ಯಾರಿಗೆ, ಏಕೆ ಕೃತಜ್ಞರಾಗಬೇಕು?

ಬೀಜದಲ್ಲಿ ಮೊಳೆಯುವ ಶಕ್ತಿಯಿದೆ, ನಿಜ. ಆದರೆ ಮಣ್ಣು, ನೀರು, ಬಿಸಿಲು ಇಲ್ಲದೆ ಅದು ಕಣಜದಲ್ಲಿಯೇ ಉಳಿಯುತ್ತದೆ. ಉಪಾದಾನ ನಮ್ಮದಾದರೂ ನಿಮಿತ್ತವನ್ನು ಅಲ್ಲಗಳೆಯುವಂತಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಧರ್ಮ, ಅಧರ್ಮ, ಆಕಾಶ, ಪುದ್ಗಲಗಳ ಉಪಕಾರವನ್ನು ಹೇಳಿದ ಮೇಲೆ, ಜೀವಗಳ ಉಪಕಾರವೆಂದರೆ ಒಂದಕ್ಕೊಂದು ನೆರವಾಗುವುದು ಎಂದು ತಿಳಿಸಿದ್ದಾರೆ. ಪರಸ್ಪರ ನೆರವು ಜೀವಸ್ವರೂಪದಲ್ಲಿಯೇ ಸೇರಿದೆಯೆಂದಾಯಿತು. ಇನ್ನು ಜಿನೇಶ್ವರನ ಮಾತು. ಆತನು ವೀತರಾಗ, ನಮ್ಮ ಪೂಜೆಯಿಂದ ಆತನಿಗೆ ಆಗಬೇಕಾದುದೇನೂ ಇಲ್ಲ. ಆದರೂ ಆತನ ಗುಣಸ್ಮರಣೆಯು ಪೂಜಿಸುವವನ ಚಿತ್ತದ ಕೊಳೆಯನ್ನು ತೊಳೆಯುತ್ತದೆಂದು ಸಮಂತಭದ್ರಾಚಾರ್ಯರು ಸ್ವಯಂಭೂಸ್ತೋತ್ರದಲ್ಲಿ ವಾಸುಪೂಜ್ಯ ತೀರ್ಥಂಕರರನ್ನು ಸ್ತುತಿಸುವಾಗ ಹೇಳಿದ್ದಾರೆ. ಕೃತಜ್ಞತೆಯ ಗುಟ್ಟು ಇಲ್ಲಿಯೇ ಇದೆ. ಅದು ಸಾಲ ತೀರಿಸುವ ವ್ಯವಹಾರವಲ್ಲ, ನೆನೆಯುವವನ ಪರಿಣಾಮಶುದ್ಧಿ.

ಹಾಗಾದರೆ ಮರೆವಿನಿಂದ ಕೆಡುಕಾಗುವುದು ಹೇಗೆ? ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೇಳಿದೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು ಮತ್ತು ಶರೀರ. ಇವುಗಳನ್ನು ಒಂದೊಂದಾಗಿ ಪರಿಶೀಲಿಸಿ ನೋಡಿ. ಕುಲವೂ ಶರೀರವೂ ತಂದೆತಾಯಿಗಳ ಮೂಲಕ ಬಂದವು. ಜ್ಞಾನವನ್ನು ಗುರುವು ಕೊಟ್ಟನು. ಗೌರವವನ್ನು ಸಮಾಜವು ಕೊಟ್ಟಿತು. ಬಲವು ಯಾರೋ ಬೆಳೆದ, ಯಾರೋ ಅಟ್ಟು ಬಡಿಸಿದ ಅನ್ನದಿಂದ ಬಂದಿತು. ಇನ್ನೊಬ್ಬರ ನೆರವಿಲ್ಲದೆ ನನ್ನದಾಯಿತೆಂದು ಹೇಳಬಹುದಾದುದು ಆ ಎಂಟರಲ್ಲಿ ಒಂದೂ ಇಲ್ಲ. ಬಂದ ದಾರಿಯನ್ನು ಮರೆತಾಗಲೇ ಮದವು ಹುಟ್ಟುತ್ತದೆ. ಕಲಿಸಿದ ಗುರುವಿನ ಹೆಸರನ್ನು ಮುಚ್ಚಿಡುವುದನ್ನು ನಮ್ಮವರು ನಿಹ್ನವವೆಂದು ಕರೆದು, ಅದನ್ನು ಜ್ಞಾನಾಚಾರಕ್ಕೆ ಬಂದ ದೋಷವೆಂದು ಎಣಿಸಿದ್ದಾರೆ. ಮದವಿದ್ದಲ್ಲಿ ಸುಖವಿಲ್ಲ, ಏಕೆಂದರೆ ಎಲ್ಲವೂ ತನ್ನ ಯೋಗ್ಯತೆಯಿಂದಲೇ ಬಂದಿತೆಂದು ತಿಳಿದವನಿಗೆ, ಬಂದದ್ದು ಎಂದಿಗೂ ಸಾಲದೆಂದೇ ತೋರುತ್ತದೆ.

ಇದನ್ನು ನಾನು ಗ್ರಂಥದಿಂದ ಕಲಿತದ್ದಕ್ಕಿಂತ ನನ್ನ ತಪ್ಪಿನಿಂದ ಕಲಿತದ್ದೇ ಹೆಚ್ಚು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ತಂದೆಯವರು ತೀರಿಕೊಂಡರು. ಅಣ್ಣನಿಗೆ ಆಗ ಹದಿನೇಳು ವರ್ಷ. ಓದಿನಲ್ಲಿ ನನಗಿಂತ ಚುರುಕಾಗಿದ್ದ ಅವನು ಪುಸ್ತಕವನ್ನು ಮುಚ್ಚಿಟ್ಟು ನೇಗಿಲು ಹಿಡಿದನು. ನನ್ನನ್ನು ಪಟ್ಟಣದ ಜೈನ ಬೋರ್ಡಿಂಗಿಗೆ ಕಳುಹಿಸಿದನು. ಸುಗ್ಗಿ ಕೈಕೊಟ್ಟ ವರ್ಷವೂ ನನ್ನ ಶುಲ್ಕ ತಪ್ಪಲಿಲ್ಲ. ನಾನು ಶಿಕ್ಷಕನಾದೆ, ಪಟ್ಟಣದಲ್ಲಿ ಮನೆ ಮಾಡಿದೆ. ಮುಂದೆ ಆಸ್ತಿ ಪಾಲಾದಾಗ ಬಾವಿಯಿದ್ದ ಹೊಲ ಅವನಿಗೆ ಬಂದಿತು, ಒಣ ಹೊಲ ನನಗೆ ಬಂದಿತು. ಅಷ್ಟಕ್ಕೆ ನಾನು ಮುನಿದುಕೊಂಡೆ. ಆರು ವರ್ಷ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ. ಸಂಬಳವಿತ್ತು, ಮಕ್ಕಳು ಚೆನ್ನಾಗಿ ಓದುತ್ತಿದ್ದರು. ಆದರೂ ಊಟಕ್ಕೆ ಕುಳಿತರೆ ಬಾವಿಯ ಹೊಲವೇ ಕಣ್ಣೆದುರು ಬರುತ್ತಿತ್ತು. ನನಗೆ ಬಾರದಿದ್ದುದರ ಲೆಕ್ಕ ಬಾಯಿಪಾಠವಾಗಿತ್ತು. ಬಂದುದರ ಲೆಕ್ಕ ನೆನಪಿರಲಿಲ್ಲ.

ಒಂದು ವರ್ಷ ದಶಲಕ್ಷಣ ಪರ್ವದಲ್ಲಿ ಉತ್ತಮ ಮಾರ್ದವ ಧರ್ಮವನ್ನು ಕುರಿತು ಮಾತನಾಡಬೇಕೆಂದು ಬಸದಿಯವರು ಕೇಳಿದರು. ಹಿಂದಿನ ರಾತ್ರಿ ಟಿಪ್ಪಣಿ ಮಾಡಿಕೊಳ್ಳುತ್ತ, ಈಗ ನಾನು ತಮಗೆ ಹೇಳಿದಂತೆಯೇ ಎಂಟು ಮದಗಳನ್ನು ಬರೆದು, ಒಂದೊಂದರ ಎದುರಿಗೂ ಅದು ನನಗೆ ಯಾರಿಂದ ಬಂದಿತೆಂದು ಬರೆಯತೊಡಗಿದೆ. ವಿದ್ಯೆ ಎಂದು ಬರೆದ ಎದುರಿಗೆ ಅಣ್ಣ. ಸಂಬಳ ಎಂದು ಬರೆದ ಎದುರಿಗೆ ಅಣ್ಣ. ಸಮಾಜದಲ್ಲಿನ ಮರ್ಯಾದೆ ಎಂದು ಬರೆದ ಎದುರಿಗೂ ಅಣ್ಣ. ಮಾರ್ದವವನ್ನು ಬೋಧಿಸಹೊರಟ ನನಗೆ ಆ ಹಾಳೆಯನ್ನು ನೋಡಿ ನಾಚಿಕೆಯಾಯಿತು. ಮರುದಿನ ಉಪನ್ಯಾಸ ಮುಗಿಸಿ ನೇರವಾಗಿ ಊರಿನ ಬಸ್ಸು ಹತ್ತಿದೆ. ಅಣ್ಣ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದನು. ನಾನು ಅವನ ಕಾಲು ಮುಟ್ಟಿ, “ಅಣ್ಣಾ, ನನ್ನ ಓದು ನಿನ್ನ ಬೆವರಿನಿಂದ ಆದದ್ದು. ಇಷ್ಟು ವರ್ಷ ಒಮ್ಮೆಯೂ ಈ ಮಾತು ಹೇಳಲಿಲ್ಲ” ಎಂದೆ. ಅವನು ಒಂದು ಗಳಿಗೆ ಸುಮ್ಮನಿದ್ದು, “ಅದರಾಗ ಹೇಳೂದೇನೈತಿ ತಮ್ಮಾ? ಹೊತ್ತು ಮುಳುಗಾಕ ಬಂತು, ಮೊದಲ ಊಟಕ್ಕ ಏಳು” ಎಂದನು. ಬಾವಿಯ ಹೊಲ ಅವನ ಪಾಲಿನಲ್ಲಿಯೇ ಉಳಿಯಿತು. ನನ್ನ ದುಃಖ ಮಾತ್ರ ಆ ದಿನದಿಂದ ಇಲ್ಲವಾಯಿತು. ಅಣ್ಣ ಆಮೇಲೆ ನಾಲ್ಕು ವರ್ಷ ಬದುಕಿದ್ದನು. ನಾನು ಇನ್ನಷ್ಟು ತಡಮಾಡಿದ್ದರೆ ಆ ಮಾತನ್ನು ಅವನ ಭಾವಚಿತ್ರಕ್ಕೆ ಹೇಳಬೇಕಾಗುತ್ತಿತ್ತು.

ಧರ್ಮಬಂಧುಗಳೆ, ನಮ್ಮ ನಾಡಿನ ಹಿರಿಯರು ಈ ಗುಣವನ್ನು ಹೇಗೆ ಬಾಳಿ ತೋರಿಸಿದರೆಂಬುದನ್ನು ಸ್ವಲ್ಪ ನೆನೆಯೋಣ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದು, ಮುಂದೆ ದಾನಚಿಂತಾಮಣಿ ಅತ್ತಿಮಬ್ಬೆಯ ಪ್ರೋತ್ಸಾಹದಿಂದ 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಅವನು ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮಕ್ಕಳನ್ನು ಕರೆದಾಗಲೆಲ್ಲ ಉಪಕಾರಿಗಳ ನೆನಪಾಗುವಂತೆ ಮನೆಯಲ್ಲಿಯೇ ವ್ಯವಸ್ಥೆ ಮಾಡಿಕೊಂಡನು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳಾದರೋ ಗುರುಗಳಾಗಿದ್ದೂ ತಮ್ಮ ಗ್ರಂಥ ಗೊಮ್ಮಟಸಾರದಲ್ಲಿ ಗೊಮ್ಮಟನೆನಿಸಿದ ಶಿಷ್ಯ ಚಾವುಂಡರಾಯನ ಹೆಸರನ್ನು ನಿಲ್ಲಿಸಿದರು. ಉಪಕಾರಸ್ಮರಣೆಯಲ್ಲಿ ಹಿರಿಯ ಕಿರಿಯರೆಂಬ ಭೇದವಿಲ್ಲ.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ತಮಗೆಲ್ಲ ತಿಳಿದದ್ದೇ. 981ರಲ್ಲಿ ಪ್ರತಿಷ್ಠೆಯಾದ, ಸುಮಾರು 58 ಅಡಿ ಎತ್ತರದ ಆ ಮೂರ್ತಿಗೆ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ಣವಾಗದೆ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲಿನಿಂದ ಪೂರ್ಣವಾಯಿತೆಂದು ಐತಿಹ್ಯ. ಐತಿಹ್ಯದ ಮಾತು ಹಾಗಿರಲಿ. ಆ ಅಜ್ಜಿಯ ಶಿಲಾಮೂರ್ತಿ ಇಂದಿಗೂ ಬೆಟ್ಟದ ಮೇಲೆ ಸ್ವಾಮಿಯ ಎದುರಿನಲ್ಲಿ, ಪ್ರಾಕಾರದ ಹೊರಗೆ ನಿಂತಿದೆ. ಅಂತಹ ಮಹಾಕಾರ್ಯದ ಸ್ಥಳದಲ್ಲಿ ಒಂದು ಗುಳ್ಳಕಾಯಿಯಷ್ಟು ಹಾಲು ತಂದವಳಿಗೂ ನಮ್ಮ ಹಿರಿಯರು ನಿಲ್ಲಲು ಜಾಗ ಕೊಟ್ಟರು.

ಈಚಿನ ಮನಶ್ಶಾಸ್ತ್ರಜ್ಞರೂ ಇದನ್ನು ಪರೀಕ್ಷಿಸಿದ್ದಾರೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಎಂಬ ವಿದ್ವಾಂಸರು ತಮ್ಮ ಅಧ್ಯಯನವನ್ನು 2003ರಲ್ಲಿ ಪ್ರಕಟಿಸಿದರು. ಅವರು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ವಾರಕ್ಕೊಮ್ಮೆಯಂತೆ ಹತ್ತು ವಾರ, ಒಂದು ಗುಂಪಿನಿಂದ ತಾವು ಕೃತಜ್ಞರಾಗಿರುವ ಐದರವರೆಗಿನ ಸಂಗತಿಗಳನ್ನೂ, ಇನ್ನೊಂದರಿಂದ ಕಿರಿಕಿರಿಗಳನ್ನೂ, ಮತ್ತೊಂದರಿಂದ ಸಾಮಾನ್ಯ ಘಟನೆಗಳನ್ನೂ ಬರೆಯಿಸಿದರು. ಮೊದಲ ಗುಂಪಿನವರು ತಮ್ಮ ಬಾಳಿನ ಬಗ್ಗೆ ಹೆಚ್ಚು ತೃಪ್ತಿಯನ್ನು ವ್ಯಕ್ತಪಡಿಸಿದರು. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ತಾವು ಎಂದೂ ಸರಿಯಾಗಿ ವಂದಿಸದಿದ್ದ ಉಪಕಾರಿಗೆ ಪತ್ರ ಬರೆದು ತಾವೇ ತಲುಪಿಸಿದವರ ಸಂತೋಷ ಹೆಚ್ಚಿತು; ಒಂದು ತಿಂಗಳ ಮೇಲೂ ಅದರ ಗುಣ ಕಂಡಿತು. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಅದು ಉಳಿಯಲಿಲ್ಲ. ಈ ಕೊನೆಯ ಮಾತನ್ನು ಗಮನಿಸಬೇಕು. ಒಮ್ಮೆ ನೆನೆದರೆ ಸಾಲದು, ನೆನೆಯುತ್ತಲೇ ಇರಬೇಕು. ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನಗಳನ್ನು ನಮ್ಮ ಆಚಾರ್ಯರು ಶ್ರಾವಕನ ನಿತ್ಯಕರ್ಮಗಳೆಂದು ವಿಧಿಸಿದ್ದರಲ್ಲಿ ಎಂತಹ ವಿವೇಕವಿದೆಯೆಂಬುದು ಇದರಿಂದ ಮನದಟ್ಟಾಗುತ್ತದೆ.

ಆದುದರಿಂದ ನನ್ನ ಬಿನ್ನಹವಿಷ್ಟು. ರಾತ್ರಿ ಮಲಗುವ ಮುನ್ನ ದಿನದ ದೋಷಗಳನ್ನು ನೆನೆದು ಪ್ರತಿಕ್ರಮಣ ಮಾಡುವಾಗ, ಆ ದಿನ ಪಡೆದ ಮೂರು ಉಪಕಾರಗಳನ್ನೂ ನೆನೆಯೋಣ. ಅವು ದೊಡ್ಡವಾಗಿರಬೇಕಿಲ್ಲ, ಸೋಸಿದ ನೀರು ಕೊಟ್ಟ ಸೊಸೆಯೂ, ಹೊಲಕ್ಕೆ ಬಂದ ಆಳೂ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಅಪರಿಚಿತ ಹುಡುಗನೂ ಆ ಲೆಕ್ಕಕ್ಕೆ ಬರಬೇಕು. ಬದುಕಿರುವವರಿಗೆ ಆ ಮಾತನ್ನು ಬಾಯಿಬಿಟ್ಟು ಹೇಳೋಣ. ತೀರಿಹೋದವರ ಹೆಸರಿನಲ್ಲಿ ಒಂದು ಶಾಸ್ತ್ರದಾನವನ್ನೋ, ಬಡ ವಿದ್ಯಾರ್ಥಿಯ ಶುಲ್ಕವನ್ನೋ ಕೊಡೋಣ. ಆದರೆ ನಾವು ಕೊಟ್ಟಾಗ ಇನ್ನೊಬ್ಬರ ಕೃತಜ್ಞತೆಯನ್ನು ಬೇಡದಿರೋಣ. ಫಲವನ್ನು ಬಯಸಿ ಕೊಟ್ಟ ದಾನ ನಿದಾನದೋಷಕ್ಕೆ ಒಳಗಾಗುತ್ತದೆ. ಉಪಕಾರ ಪಡೆದೆವೆಂದು ಅನ್ಯಾಯಕ್ಕೆ ತಲೆದೂಗುವುದೂ ಬೇಡ. ಅದು ಕೃತಜ್ಞತೆಯಲ್ಲ, ದಾಕ್ಷಿಣ್ಯ.

ನಾಳೆ ಮಹೋತ್ಸವ ಮುಗಿದು ಚಪ್ಪರ ಬಿಚ್ಚುತ್ತಾರೆ. ದಾನಿಗಳ ಹೆಸರುಗಳು ಬಸದಿಯ ಗೋಡೆಯ ಕಲ್ಲಿನಲ್ಲಿರುತ್ತವೆ, ಅದು ಯೋಗ್ಯವೇ. ಆ ಕಲ್ಲನ್ನು ಕಡಿದವನ, ಗಾರೆ ಹೊತ್ತ ಹೆಂಗಸರ, ಐದು ದಿನ ಒಲೆಯ ಮುಂದೆ ಬೆಂದ ಅಡುಗೆಯವರ, ಹಿಂದೆ ಬಸದಿ ಸೋರುತ್ತಿದ್ದ ಕಾಲದಲ್ಲಿಯೂ ಒಂದು ದಿನ ತಪ್ಪದೆ ದೀಪ ಹಚ್ಚಿದ ಪುರೋಹಿತರ ಹೆಸರುಗಳು ಅಲ್ಲಿರುವುದಿಲ್ಲ. ಮನೆಗೆ ಹೋಗುವ ಮುನ್ನ ಅವರಲ್ಲಿ ಒಬ್ಬರನ್ನಾದರೂ ಹುಡುಕಿ ಕೈಮುಗಿದು ಹೋಗೋಣ. ಅವರಿಗೆ ಸಂತೋಷವಾದೀತು, ನಮಗೆ ಅದಕ್ಕಿಂತ ಹೆಚ್ಚು ಸಂತೋಷವಾಗುವುದೆಂದು ನನ್ನ ಅನುಭವದಿಂದ ಹೇಳಬಲ್ಲೆ.