ಒಂದೇ ವಿದ್ಯೆ ಸಾಲದು



ಕಾಲೇಜಿಗೆ ಹೊರಟ ಮಗಳು ಸಾರ್ವಜನಿಕ ಆರೋಗ್ಯ, ಜಲವಿಜ್ಞಾನ, ಬೌದ್ಧ ತತ್ವಶಾಸ್ತ್ರ ಈ ಮೂರನ್ನೂ ಓದುವೆನೆಂದರೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ‘ಇದರಿಂದ ಯಾವ ಉದ್ಯೋಗ ದೊರೆಯುತ್ತದೆ?’ ಎಂಬುದು. ಪ್ರಶ್ನೆ ಸಹಜವಾದುದೇ. ಆದರೆ ವಿದ್ಯೆಗಳನ್ನು ಬಿಡಿಬಿಡಿಯಾಗಿ ನೋಡಿದುದಕ್ಕೆ ಒಂದು ದೇಶ ತೆತ್ತ ಬೆಲೆಯನ್ನೂ ನಾವು ಅರಿತಿರಬೇಕು.

1970ರ ದಶಕದಲ್ಲಿ ಬಾಂಗ್ಲಾದೇಶದ ಮಕ್ಕಳು ಕೊಳ, ಹೊಳೆಗಳ ಮಲಿನ ನೀರು ಕುಡಿದು ವಾಂತಿಭೇದಿಯಿಂದ ಸಾಯುತ್ತಿದ್ದರು. ಯುನಿಸೆಫ್‌ನ ನೆರವಿನಿಂದ ಊರೂರಿನಲ್ಲಿ ಕೊಳವೆಬಾವಿಗಳನ್ನು ಕೊರೆಯಲಾಯಿತು. ಉದ್ದೇಶ ಶುದ್ಧವಾಗಿತ್ತು, ನೀರೂ ತಿಳಿಯಾಗಿತ್ತು. ಆದರೆ ಅದರಲ್ಲಿ ಆರ್ಸೆನಿಕ್ ಇದೆಯೇ ಎಂದು ಪರೀಕ್ಷಿಸುವ ವಾಡಿಕೆ ಅಂದು ಇರಲಿಲ್ಲ. ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಲ್ಲಿ ಅಡಗಿದ್ದ ಆ ವಿಷವು ಆಮ್ಲಜನಕವಿಲ್ಲದ ನೆಲದಡಿಯಲ್ಲಿ ನೀರಿಗೆ ಸೇರುತ್ತಿತ್ತು. 1983ರಲ್ಲಿ ನೆರೆಯ ಪಶ್ಚಿಮ ಬಂಗಾಳದಲ್ಲಿ ರೋಗಿಗಳು ಪತ್ತೆಯಾದರು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲೂ ವಿಷ ದೃಢಪಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಕೋಟ್ಯಂತರ ಜನರು ಅದನ್ನು ಮೀರಿದ ನೀರನ್ನೇ ಕುಡಿದಿದ್ದರು. ಚರ್ಮದ ಕಲೆಗಳನ್ನು ಅಂಟುರೋಗವೆಂದು ಭಾವಿಸಿ ಹೆಣ್ಣುಮಕ್ಕಳನ್ನು ದೂರವಿಟ್ಟ ಕುಟುಂಬಗಳೂ ಇದ್ದವು.

ವೈದ್ಯಶಾಸ್ತ್ರ ರೋಗಾಣುವನ್ನು ಕಂಡಿತು, ನೆಲವನ್ನು ಕಾಣಲಿಲ್ಲ. ನೆಲವನ್ನು ಬಲ್ಲವರನ್ನು ಕೇಳಿದವರಿರಲಿಲ್ಲ. ಬೌದ್ಧ ದರ್ಶನದ ‘ಪ್ರತೀತ್ಯ ಸಮುತ್ಪಾದ’ವು ಹೇಳುವುದು ಇದನ್ನೇ: ಯಾವುದೂ ತಾನೇ ತಾನಾಗಿ ಉಂಟಾಗದು, ಹಲವು ಕಾರಣಗಳನ್ನು ಅವಲಂಬಿಸಿ ಉಂಟಾಗುತ್ತದೆ. ದುಃಖ, ಅದರ ಕಾರಣ, ನಿವಾರಣೆ, ಅದರ ಮಾರ್ಗ ಎಂಬ ನಾಲ್ಕು ಆರ್ಯಸತ್ಯಗಳೂ ವೈದ್ಯನ ಕ್ರಮವನ್ನೇ ಹೋಲುತ್ತವೆ. ಬಿಹಾರದ ರಾಜಗೀರ್‌ನಲ್ಲಿ 2014ರಲ್ಲಿ ಪಾಠ ಆರಂಭಿಸಿದ ನಾಲಂದಾ ವಿಶ್ವವಿದ್ಯಾನಿಲಯದಲ್ಲಿ ಪರಿಸರ ಅಧ್ಯಯನಕ್ಕೂ ಬೌದ್ಧ ಅಧ್ಯಯನಕ್ಕೂ ಒಂದೇ ಆವರಣದಲ್ಲಿ ಸ್ಥಾನವಿದೆ.

ಅನ್ಯ ದರ್ಶನವನ್ನು ಓದಿದರೆ ಮಕ್ಕಳ ವಿಶ್ವಾಸ ಸಡಿಲಗೊಳ್ಳುವುದೆಂಬ ಆತಂಕ ಕೆಲವರದು. ಅಲ್‌ಬಿರೂನಿಯವರು ಸಂಸ್ಕೃತ ಕಲಿತು, ಭಾರತದ ದರ್ಶನಗಳನ್ನು ಅರಿತು, ಸುಮಾರು 1030ರಲ್ಲಿ ಗ್ರಂಥ ರಚಿಸಿದರು. ಅವರ ವಿಶ್ವಾಸಕ್ಕೆ ಅದರಿಂದ ಕುಂದಾಗಲಿಲ್ಲ. ಅರಿಯುವುದು ಬೇರೆ, ಅನುಸರಿಸುವುದು ಬೇರೆ.

ನಮ್ಮ ಕೋಲಾರದ ಆಳವಾದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ; ಅದು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ. ಆ ನೀರು ಕುಡಿಯುವವನ ಧರ್ಮವನ್ನು ಕೇಳುವುದಿಲ್ಲ. ನೀರನ್ನು ಪರೀಕ್ಷಿಸಬಲ್ಲ, ರೋಗವನ್ನು ಗುರುತಿಸಬಲ್ಲ, ಕಾರಣಗಳ ಸರಪಳಿಯನ್ನು ಕೊನೆಯವರೆಗೆ ಹಿಂಬಾಲಿಸಬಲ್ಲ ಯುವಜನರು ನಾಡಿಗೆ ಬೇಕಾಗಿದ್ದಾರೆ. ಅಂತಹ ಮಗನೋ ಮಗಳೋ ನಮ್ಮ ಮನೆಯಲ್ಲಿದ್ದರೆ ತಡೆಯದಿರೋಣ. ಕಾಲೇಜಿನ ಅರ್ಜಿಯನ್ನು ಅವರ ಪಕ್ಕದಲ್ಲಿ ಕುಳಿತೇ ತುಂಬಿಸೋಣ.