ಪಟಾಕಿಯ ನಿಯಮವೂ ಮಕ್ಕಳ ಕಣ್ಣೂ



ದೀಪಾವಳಿಯಲ್ಲಿ ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಪಟಾಕಿ ಸಿಡಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್ 23ರಂದು ಆದೇಶಿಸಿತು. ಹಸಿರು ಪಟಾಕಿಗಳನ್ನಷ್ಟೇ ಮಾರಬೇಕು, ಸರಪಟಾಕಿಗೆ ಅವಕಾಶವಿಲ್ಲ. ಆದರೆ ಹಸಿರು ಪಟಾಕಿಯಲ್ಲಿ ಹೊಗೆ ಕಡಿಮೆಯೇ ಹೊರತು ಬೆಂಕಿ ಕಡಿಮೆಯಲ್ಲವೆಂಬುದನ್ನು ತಾವು ಮರೆಯಬಾರದು.

ಹಬ್ಬದ ತಾತ್ಕಾಲಿಕ ಮಳಿಗೆಗೆ ಪರವಾನಗಿ ಬೇಕು. ಅದು ಬೆಂಕಿ ಹತ್ತದ ಸಾಮಗ್ರಿಯದಾಗಿರಬೇಕು, ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು, ಎಣ್ಣೆದೀಪ ಕೂಡದು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಅಂಗಡಿಗೆ ಬೆಂಕಿ ತಗುಲಿ ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು.

ಇದೆಲ್ಲ ಪೇಟೆಯ ಮಾತೆನ್ನದಿರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟದ ನಡುವೆ ಒಂಟಿ ಮನೆಗಳು. ಪಕ್ಕದಲ್ಲೇ ಹುಲ್ಲಿನ ಬಣವೆ, ಒಣ ಸೋಗೆ, ಕೊಟ್ಟಿಗೆಯಲ್ಲಿ ಬೆದರುವ ದನಕರು. ಕಣ್ಣಿಗೆ ದೊಡ್ಡ ಪೆಟ್ಟಾದರೆ ಆ ರಾತ್ರಿಯಲ್ಲಿ ಶಿವಮೊಗ್ಗಕ್ಕೋ, ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೋ ಹೋಗಬೇಕಾದೀತು.

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿ ದೀಪಾವಳಿಯಲ್ಲೂ ಬರುವ ಗಾಯಾಳುಗಳಲ್ಲಿ ಸುಮ್ಮನೆ ನೋಡುತ್ತ ನಿಂತಿದ್ದ ಮಕ್ಕಳೂ ಇರುತ್ತಾರೆ. ಆದ್ದರಿಂದ ಹಚ್ಚುವ ಮಗುವಿನ ಮೇಲಷ್ಟೇ ಗಮನವಿಟ್ಟರೆ ಸಾಲದು. ಜಗಲಿಯಂಚಿನ ಕೂಸನ್ನೂ ಹಿಂದಕ್ಕೆ ಕರೆದುಕೊಳ್ಳಿರಿ. ಸಿಡಿಯದ ಪಟಾಕಿಯ ಮೇಲೆ ಬಗ್ಗಿ ನೋಡಲು ಬಿಡಬೇಡಿರಿ. ದೂರದಿಂದ ನೀರು ಸುರಿಯಿರಿ.

ಕಣ್ಣಿಗೆ ಪೆಟ್ಟಾದರೆ ಉಜ್ಜಬಾರದು. ಎದೆಹಾಲು, ಹರಳೆಣ್ಣೆ ಬಿಡಬಾರದು. ಮದ್ದಿನ ಪುಡಿ ಮಾತ್ರ ಬಿದ್ದಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ. ರಕ್ತ ಕಂಡರೆ ತೊಳೆಯದೆ, ಕಣ್ಣನ್ನು ಒತ್ತದಂತೆ ಶುಭ್ರವಾದ ಲೋಟವೊಂದನ್ನು ಮುಚ್ಚಿ, ಬೆಳಗಾಗಲೆಂದು ಕಾಯದೆ ತಾಲ್ಲೂಕು ಆಸ್ಪತ್ರೆಗೆ ಹೊರಡಿರಿ.