ಜಗಜೀವನರಾಂ ಮುಟ್ಟಲಾಗದ ಕುರ್ಚಿ
(ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಬಾಬು ಜಗಜೀವನರಾಂ ಹೆಸರೆತ್ತಿದರೆ ಸಾಕು, ನಮ್ಮಲ್ಲಿ ಜಗಳ ಶುರುವಾಗುತ್ತೆ. ಕೆಲವರಿಗೆ ಅವರು ಬಾಬೂಜಿ, ಇನ್ನು ಕೆಲವರಿಗೆ ಕಾಂಗ್ರೆಸ್ಸಿನ ಮನೆಯಾಳು. ಜಗಳ ಆಮೇಲೆ ಮಾಡೋಣ, ಮೊದಲು ನಡೆದದ್ದನ್ನ ನೋಡೋಣ.

1908ರಲ್ಲಿ ಬಿಹಾರದ ಚಾಂದ್ವಾದಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿದವರು. ಆರಾ ಊರಿನ ಶಾಲೆಯಲ್ಲಿ ಅಸ್ಪೃಶ್ಯ ಹುಡುಗರಿಗೆ ಅಂತ ಬೇರೆ ನೀರಿನ ಮಡಕೆ ಇಟ್ಟರು. ಈ ಹುಡುಗ ಒಡೆದು ಹಾಕಿದ. ಮತ್ತೆ ಇಟ್ಟರು, ಮತ್ತೆ ಒಡೆದ. ಕೊನೆಗೆ ಹೆಡ್‌ಮಾಸ್ತರೇ ಸೋತು ಬೇರೆ ಮಡಕೆ ಇಡೋದನ್ನ ನಿಲ್ಲಿಸಿದರು. ಅಂಥ ಹುಡುಗ 1975ರ ಜುಲೈನಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು, ತುರ್ತುಪರಿಸ್ಥಿತಿಯನ್ನ ಒಪ್ಪಿಕೊಳ್ಳಿ ಅಂತ ನಿರ್ಣಯ ಮಂಡಿಸಿದ್ದು ಹೇಗೆ? ಈ ಪ್ರಶ್ನೆ ನನ್ನನ್ನಂತೂ ಬಿಡೋದಿಲ್ಲ.

1946ರ ಮಧ್ಯಂತರ ಸರ್ಕಾರದಲ್ಲೇ ಮಂತ್ರಿ. ಆಮೇಲೆ ಕಾರ್ಮಿಕ, ಸಂಪರ್ಕ, ರೈಲ್ವೆ, ಆಹಾರ, ರಕ್ಷಣೆ. 1951ರಲ್ಲಿ ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ಲಿನ ವಿಚಾರಕ್ಕೆ ರಾಜೀನಾಮೆ ಬಿಸಾಕಿ ಎದ್ದು ಬಂದರು. ಇವರು ಒಳಗೇ ಉಳಿದರು. ಕೆಲಸ ಬಲ್ಲವರು ಅನ್ನೋದರಲ್ಲಿ ಮಾತ್ರ ಅನುಮಾನ ಬೇಡ. 1971ರ ಯುದ್ಧದಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾದಾಗ ರಕ್ಷಣಾ ಮಂತ್ರಿ ಇವರೇ.

1977ರ ಫೆಬ್ರವರಿ 2ರಂದು ಇಂದಿರಾ ಸಂಪುಟ ಬಿಟ್ಟು ಹೊರಬಂದರು. ಚುನಾವಣೆಯ ಗಾಳಿಯೇ ತಿರುಗಿತು. ಗೆದ್ದ ಮೇಲೆ ಪ್ರಧಾನಿ ಯಾರು? ಚರಣ್‌ಸಿಂಗ್ ಆಸ್ಪತ್ರೆಯಿಂದಲೇ ಕಾಗದ ಬರೆದು ಮೊರಾರ್ಜಿಯ ಪರ ನಿಂತರು. ಜೆ.ಪಿ., ಕೃಪಲಾನಿ ಮೊರಾರ್ಜಿಯನ್ನೇ ಆರಿಸಿದರು. ತುರ್ತುಪರಿಸ್ಥಿತಿಯ ನಿರ್ಣಯ ತಂದವನು ಪ್ರಧಾನಿಯಾಗೋದು ಹೇಗೆ ಅಂದರು. ಮಾತಿನಲ್ಲಿ ನ್ಯಾಯ ಇದೆ, ಒಪ್ಪೋಣ.

ಆದರೆ 1978ರ ಜನವರಿಯಲ್ಲಿ ಏನಾಯ್ತು? ವಾರಣಾಸಿಯಲ್ಲಿ ಸಂಪೂರ್ಣಾನಂದರ ಪ್ರತಿಮೆಯನ್ನ ಇವರು ಅನಾವರಣ ಮಾಡಿ ಹೋದರು. ಜಾತಿಯ ಕೊಬ್ಬಿನವರು ಬಂದು ಅದನ್ನ ಗಂಗಾಜಲದಲ್ಲಿ ತೊಳೆದರು. ದೇಶದ ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರೂ ಆಗ ಇವರ ಖಾತೆಯಲ್ಲಿದ್ದವು! ತೊಳೆದವರಿಗೆ ತುರ್ತುಪರಿಸ್ಥಿತಿಯ ನೆನಪು ಇತ್ತೇನ್ರಪ್ಪಾ?

1979ರಲ್ಲಿ ಮೊರಾರ್ಜಿ ಬಿದ್ದರು. ಚರಣ್‌ಸಿಂಗ್ ಪ್ರಧಾನಿಯಾಗಿ, ಒಂದು ದಿನವೂ ಲೋಕಸಭೆಯನ್ನ ಎದುರಿಸದೆ ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟರು. ಆಗ ಜನತಾ ಪಕ್ಷದ ನಾಯಕ ಜಗಜೀವನರಾಂ. ನನಗೊಂದು ಅವಕಾಶ ಕೊಡಿ, ಬಹುಮತ ತೋರಿಸ್ತೀನಿ ಅಂದರು. ರಾಷ್ಟ್ರಪತಿ ಸಂಜೀವರೆಡ್ಡಿ ಕರೆಯಲೇ ಇಲ್ಲ. ಆಗಸ್ಟ್ 22ಕ್ಕೆ ಲೋಕಸಭೆಯನ್ನೇ ವಿಸರ್ಜಿಸಿಬಿಟ್ಟರು. ಸೋತವನ ಸಲಹೆಗೆ ಬೆಲೆ ಬಂತು, ಲೆಕ್ಕ ಒಪ್ಪಿಸ್ತೀನಿ ಅಂದವನಿಗೆ ಬಾಗಿಲು ಹಾಕಿತು. ಕಾನೂನು ಪಂಡಿತರು ಇದಕ್ಕೆ ಏನೇನೋ ವಿವರಣೆ ಕೊಡ್ತಾರೆ. ನಾನು ಬಿ.ಎ. ಓದಿದವನು, ಕಾನೂನು ಓದಿಲ್ಲ. ವಾರಣಾಸಿಯ ನೀರು ದೆಹಲಿಯವರೆಗೂ ಹರಿದಿತ್ತು ಅಂತಲೇ ನನಗೆ ಕಾಣುತ್ತೆ.

1980ರಲ್ಲಿ ಇವರನ್ನೇ ಪ್ರಧಾನಿ ಅಭ್ಯರ್ಥಿ ಅಂತ ಮುಂದಿಟ್ಟ ಜನತಾ ಪಕ್ಷ ನೆಲಕಚ್ಚಿತು. ಸಸಾರಾಂನ ಜನ ಮಾತ್ರ ಕೈಬಿಡಲಿಲ್ಲ. 1984ರ ಕಾಂಗ್ರೆಸ್ ಪ್ರವಾಹದಲ್ಲೂ, ತಮ್ಮದೇ ಸಣ್ಣ ಪಕ್ಷದಿಂದ ನಿಂತ ಈ ಮುದುಕನನ್ನ ಗೆಲ್ಲಿಸಿ ಕಳಿಸಿದರು. 1986ರ ಜುಲೈ 6ರಂದು ಸಾಯುವಾಗಲೂ ಅವರು ಸಸಾರಾಂನ ಸಂಸದರೇ.